ಒಂಟಿ ಸೀನು

ಕೌಸಲ್ಯಾಗೆ ಶುಕ್ರವಾರ ಬೆಳಿಗ್ಗೆಯೇ ಮೈ ಬೆಚ್ಚಗಾಗಿತ್ತು. ಓಟದ ಕೋಚ್ ಹೆನೆಗನ್ ಊಟಕ್ಕೆ ಬರುವುದು ಶನಿವಾರ ಮಧ್ಯಾಹ್ನ. ಫೋನ್ ಎತ್ತಿ, ಮೈ ಸರಿಯಿಲ್ಲ, ಮುಂದಿನ ವಾರ ಬನ್ನಿ ಎಂದು ಹೇಳಲು ಬೇಕಾದಷ್ಟು ಹೊತ್ತಿತ್ತು. ಅಮೆರಿಕದಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಕೌಸಲ್ಯಾ ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು. ಊಟಕ್ಕೆ ಕರೆದು ಬರಬೇಡಿ ಎನ್ನುವುದೂ ಒಂದೇ, ಎಲೆ ಮುಂದೆ ಕೂತವರನ್ನು ಎಬ್ಬಿಸುವುದೂ ಒಂದೇ ಎಂದು ಅವಳ ಲೆಕ್ಕ.

"ಅಮ್ಮಾ, ನಿಂಗೆ ಜ್ವರ ಇದೆ," ಎಂದ ಮಗ ಶ್ಯಾಮ್, ಅವಳ ಮುಖ ನೋಡಿಯೇ. "ಅವರಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡ್ತೀನಿ."

"ಜ್ವರ ಎಲ್ಲಿ ಬಂತು? ಒಲೆ ಮುಂದೆ ನಿಂತಿದ್ದೆ, ಅಷ್ಟೆ."

"ಪಂಕಜಾ ಆಂಟಿಗೆ ಬಂದಿದ್ದೂ ಇದೇ. ನಂಗೂ ಬಂದಿತ್ತಲ್ಲ ಕ್ರಿಸ್‌ಮಸ್ಸಲ್ಲಿ. ಇಟ್ಸ್ ದಿ ಫ್ಲೂ, ಅಮ್ಮಾ."

"ಸುಮ್ನಿರು. ಬರೋರಿಗೆ ಬೇಡ ಅಂದ್ರೆ ಮತ್ತೆ ಬರ್ತಾರೋ ಇಲ್ವೋ. ಶುಭ ಕಾರ್ಯಕ್ಕೆ ನೀನೇ ಅಡ್ಡಬಾಯಿ ಹಾಕ್ಬೇಡ."

ಅದು ೧೯೬೯ರ ಜನವರಿ. ಆ ಚಳಿಗಾಲದಲ್ಲಿ ಹಾಂಗ್‌ಕಾಂಗ್ ಫ್ಲೂ ನ್ಯೂಜೆರ್ಸಿಯ ಮನೆ ಮನೆಯ ಬಾಗಿಲು ತಟ್ಟಿ ಬಂದಿತ್ತು. ಶಾಲೆಯ ಬೆಂಚು, ಆಫೀಸಿನ ಕುರ್ಚಿ, ಬಸ್ಸಿನ ಸೀಟು ಎಲ್ಲ ಅರ್ಧ ಖಾಲಿ. ಓಲ್ಡ್ ಬ್ರಿಡ್ಜಿನಲ್ಲಿದ್ದ ಪಂಕಜಾಳ ಮನೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಮಲಗಿಬಿಟ್ಟಾಗ ಸಾರು, ಗಂಜಿ ಹಿಡಿದು ಹೋದವಳು ಕೌಸಲ್ಯಾ. ಸಮರ್‌ಸೆಟ್‌ನಿಂದ ಅಲ್ಲಿಗೆ ಶ್ಯಾಮ್ ಡ್ರೈವ್ ಮಾಡಿಕೊಂಡು ಕರೆದೊಯ್ಯುತ್ತಿದ್ದ. ಸುತ್ತಮುತ್ತ ಕನ್ನಡದವರು ಎಂದರೆ ಬೆರಳೆಣಿಕೆಯ ಮನೆಗಳು, ಒಬ್ಬರು ಬಿದ್ದರೆ ಇನ್ನೊಬ್ಬರು ಹೋಗದೆ ಇನ್ಯಾರು ಹೋಗುತ್ತಾರೆ? ಪಂಕಜಾಳ ಹಣೆಗೆ ಒದ್ದೆ ಬಟ್ಟೆ ಹಾಕಿ, ಮಕ್ಕಳಿಗೆ ಗಂಜಿ ಕುಡಿಸಿ ಬಂದಳು. ಬರುವಾಗ ಏನು ತಂದಳೆಂದು ಶುಕ್ರವಾರ ಗೊತ್ತಾಯಿತು. ಗೊತ್ತಾಗಿಯೂ ಗೊತ್ತಿಲ್ಲದಂತೆ ಇದ್ದಳು.

ಇದ್ದುದಕ್ಕೆ ಕಾರಣವಿತ್ತು. ಗಂಡ ದಿವಾಕರ ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕೆಮಿಕಲ್ ಕಂಪನಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದವನು, ಒಂದು ಬೆಳಿಗ್ಗೆ ಹಿಮದ ರಸ್ತೆಯಲ್ಲಿ ಕಾರು ಜಾರಿ ಹೊರಟುಹೋದ. ಅವಳು ಡ್ರೈ ಕ್ಲೀನರ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಹೊಲಿಯುತ್ತ, ಚಿಕ್ಕ ಅಪಾರ್ಟ್‌ಮೆಂಟಿಗೆ ಬಂದು, ಹೇಗೋ ನಿಂತಿದ್ದಳು. ಮೈಸೂರಿನಿಂದ ಅಣ್ಣ ದ್ವಾರಕಾನಾಥ ಬಾ ಬಾ ಎನ್ನುತ್ತಲೇ ಇದ್ದ. ಕಡೆಗೆ ಅಣ್ಣ ತಂಗಿ ಒಂದು ಮಾತಿಗೆ ಬಂದಿದ್ದರು: ಹುಡುಗನ ಕಾಲೇಜು ಇಲ್ಲೇ ಪುಕ್ಕಟೆಯಾಗಿ ಆಗುವುದಾದರೆ ಇರುವುದು, ಇಲ್ಲವಾದರೆ ಜೂನ್‌ನಲ್ಲಿ ಗಂಟುಮೂಟೆ ಕಟ್ಟುವುದು.

ಪುಕ್ಕಟೆಯಾಗುವ ದಾರಿ ಶ್ಯಾಮ್‌ನ ಕಾಲಿನಲ್ಲಿತ್ತು. ಅಪ್ಪ ಹೋದ ಮೇಲೆ ಅವನು ಅತ್ತದ್ದು ಕಡಿಮೆ, ಓಡಿದ್ದು ಹೆಚ್ಚು. ಬೆಳಿಗ್ಗೆ ಓಡಿದ, ಸಂಜೆ ಓಡಿದ, ಅಂಗಡಿಗೆ ಹಾಲು ತರಲು ಕಳಿಸಿದರೂ ಓಡಿದ. ನಡೆಯುವುದೇ ಅವನಿಗೆ ಮರೆತಂತಿತ್ತು. ಶಾಲೆಯ ತಂಡಕ್ಕೆ ಸೇರಿಸಿಕೊಂಡರು. ಶರತ್ಕಾಲದಲ್ಲಿ ಬ್ರಾಂಕ್ಸಿನ ದೊಡ್ಡ ಪಾರ್ಕಿನಲ್ಲಿ ಗುಡ್ಡ ಹತ್ತಿ ಇಳಿಯುವ ಓಟವೊಂದಿತ್ತು. ಅಲ್ಲಿ ಒಂಟಿಕಡ್ಡಿಯಂಥ ಈ ಕಪ್ಪು ಹುಡುಗ ಎಲ್ಲರನ್ನೂ ಹಿಂದೆ ಹಾಕಿದ್ದನ್ನು ಹೆನೆಗನ್ ನೋಡಿದರು. ಅವರು ಹಡ್ಸನ್ ನದಿ ತೀರದ ಒಂದು ಚಿಕ್ಕ ಕಾಲೇಜಿನ ಓಟದ ಕೋಚ್. ಅಲ್ಲಿಂದ ವಾರಕ್ಕೊಂದು ಫೋನ್ ಬರತೊಡಗಿತು. ಒಳ್ಳೆಯ ಓಟಗಾರನನ್ನು ಕಾಲೇಜಿಗೆ ಒಲಿಸಿಕೊಳ್ಳಬೇಕೆಂದರೆ ಕೋಚ್ ಅವನ ಮನೆಗೆ ಬಂದು ತಂದೆತಾಯಿಯನ್ನು ಕಾಣುವುದು ಇಲ್ಲಿನ ಪದ್ಧತಿಯಂತೆ. ಕೌಸಲ್ಯಾಗೆ ಇದು ಚೆನ್ನಾಗಿ ಅರ್ಥವಾಯಿತು. ಹೆಣ್ಣು ನೋಡಲು ಬಂದ ಹಾಗೆ ಗಂಡು ನೋಡಲು ಬರುತ್ತಾರೆ, ಉಪಚಾರದಲ್ಲಿ ಲೋಪವಾಗಬಾರದು.

ಹಾಗಾಗಿ ಶನಿವಾರ ಬೆಳಿಗ್ಗೆ ಎರಡು ಆಸ್ಪಿರಿನ್ ನುಂಗಿ ಒಲೆ ಮುಂದೆ ನಿಂತಳು. ತೊಗರಿಬೇಳೆ ಸಿಕ್ಕದ ಊರು, ಸೂಪರ್‌ಮಾರ್ಕೆಟ್ಟಿನ ಹಳದಿ ಬಟಾಣಿಬೇಳೆ ಬೇಯಿಸಿ, ಬ್ರೌನ್ ಶುಗರ್ ಹಾಕಿ ಹೂರಣ ಮಾಡಿದಳು. ಕಣಕ ತಟ್ಟುವಾಗ ನಡುವೆ ಎರಡು ಸಲ ಕುರ್ಚಿ ಎಳೆದು ಕೂತಳು. ಊರಿನಲ್ಲಿ ಅತ್ತೆ ಇದ್ದಿದ್ದರೆ ಜ್ವರದ ಮೈಯಲ್ಲಿ ಅಡಿಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆ ಮಡಿಮೈಲಿಗೆಯನ್ನೆಲ್ಲ ಬಿಟ್ಟು ಬಂದೆ ಎಂದು ಕೌಸಲ್ಯಾಗೆ ಹೆಮ್ಮೆಯಿತ್ತು. ಬಿಡಬಾರದ್ದನ್ನು ಬಿಟ್ಟು ಬಿಡಬೇಕಾದ್ದನ್ನು ಹಿಡಿದುಕೊಂಡು ಬರುವುದು ನಮ್ಮಲ್ಲಿ ಅನೇಕರ ಹಣೆಬರಹ, ಅವಳೊಬ್ಬಳನ್ನೇ ಏಕೆ ಅನ್ನಬೇಕು.

ಹೆನೆಗನ್ ಬಂದರು. ಬಾಗಿಲು ತುಂಬುವ ಆಳು, ಅರವತ್ತರ ಹತ್ತಿರ, ಕೆಂಪು ಮುಖ. ಬೂಟು ಬಿಚ್ಚಬೇಕೆಂದು ಶ್ಯಾಮ್ ಹೇಳುವ ಮೊದಲೇ ಬಿಚ್ಚಿದರು. ಒಬ್ಬಟ್ಟು ಬಡಿಸಿದರೆ ಒಂದು ಮುಗಿಸಿ ಇನ್ನೊಂದಕ್ಕೆ ತಾವೇ ತಟ್ಟೆ ಚಾಚಿದರು. ಮೂರನೆಯದನ್ನು ಬೇಡ ಎಂದರು. ಬೇಡ ಎಂದ ಮೇಲೆ ಬಡಿಸುವುದೇ ತಾನೆ ನಮ್ಮ ಉಪಚಾರ. ಕೌಸಲ್ಯಾ ಅವರ ತಟ್ಟೆಯ ಮೇಲೆ ಬಗ್ಗಿ, ಮುರಿದು, ತುಪ್ಪ ಸವರಿ, ಬೆರಳಿಂದಲೇ ಇಟ್ಟಳು. ಅವರು ನಕ್ಕು ತಿಂದರು.

ಊಟದ ಮೇಲೆ ವಿಷಯಕ್ಕೆ ಬಂದರು. ಕೌಸಲ್ಯಾಗೆ ಅಂಗಡಿಯ ಇಂಗ್ಲಿಷ್ ಬರುತ್ತಿತ್ತು. ಉದ್ದ ಮಾತುಗಳನ್ನು ಶ್ಯಾಮ್ ಕನ್ನಡದಲ್ಲಿ ಹೇಳಿದ. ಕಾಲೇಜಿನಲ್ಲಿ ಆಟೋಟಕ್ಕೆಲ್ಲ ದುಡಿಯುವ ಎತ್ತು ಬಾಸ್ಕೆಟ್‌ಬಾಲ್ ಒಂದೇ. ಅದರ ಟಿಕೆಟ್ಟಿನ ಹಣದಿಂದಲೇ ಓಟದವರು, ಈಜಿನವರು, ಕುಸ್ತಿಯವರು ಬದುಕುವುದು. ಈ ಸಲ ಫ್ಲೂ ಬಂದು ಆ ಎತ್ತು ಮಲಗಿಬಿಟ್ಟಿತು. ಒಮ್ಮೆ ತಮ್ಮ ಆಟಗಾರರಿಗೆ ಜ್ವರ, ಒಮ್ಮೆ ಎದುರಿನವರಿಗೆ. ಆಟಗಳು ರದ್ದು, ಟಿಕೆಟ್ಟಿನ ದುಡ್ಡು ವಾಪಸು, ನಡೆದ ಆಟಗಳಿಗೂ ಜನ ಹೆದರಿ ಬರಲಿಲ್ಲ. ಈಗ ಬೊಕ್ಕಸದಲ್ಲಿ ಉಳಿದಿರುವುದು ಒಂದೇ ಒಂದು ಸ್ಕಾಲರ್‌ಶಿಪ್. ಅದು ಯಾರಿಗೆ ಎಂದು ಬುಧವಾರದ ಮೀಟಿಂಗಿನಲ್ಲಿ ತೀರ್ಮಾನ.

"ಆ ಮೇಜಿನ ಮುಂದೆ ಕೂತು ಜಗಳವಾಡಿದವನಿಗೆ ಸಿಗುತ್ತೆ, ಮ್ಯಾಮ್," ಎಂದರು ಹೆನೆಗನ್. "ನಾನು ಕೂತಿರ್ತೀನಿ. ಇವನಂಥ ಹುಡುಗನ್ನ ನಾನು ಎಷ್ಟೋ ವರ್ಷದಿಂದ ನೋಡಿಲ್ಲ. ನನ್ನನ್ನ ಕುರ್ಚಿಯಿಂದ ಎಬ್ಬಿಸೋಕೆ ಯಾರಿಗೂ ಆಗಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ಕೆಂಪು ಮುಖ ನೋಡಿದರೆ ಪೂಜಾರಿಯ ಕೈಯಿಂದಲೂ ಕಿತ್ತುಕೊಂಡು ಬರುವವರಂತೆ ಕಂಡಿತು. ಅವಳಿಗೆ ಧೈರ್ಯ ಬಂತು.

ಹೆನೆಗನ್ ಎದ್ದರು. ಕೋಟು ಹಾಕಿಕೊಂಡು, ಬೂಟು ಕಟ್ಟಿ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಕೌಸಲ್ಯಾ ಸೀನಿದಳು.

ಸೆರಗು ಮುಖಕ್ಕೆ ತರುವಷ್ಟೂ ಸಮಯವಿರಲಿಲ್ಲ. ಒಂದೇ ಸೀನು. ಎರಡನೆಯದು ಬರಲಿ ಎಂದು ಕಾದಳು, ಎರಡು ಬಂದರೆ ದೋಷವಿಲ್ಲ. ಬರಲಿಲ್ಲ. ಬೇಕೆಂದೇ ಮೂಗು ಉಜ್ಜಿಕೊಂಡಳು, ಆಗಲೂ ಬರಲಿಲ್ಲ.

"ಅವರನ್ನ ಕೂತ್ಕೊಳ್ಳೋಕೆ ಹೇಳು, ಶ್ಯಾಮು."

"ಅಮ್ಮಾ, ಪ್ಲೀಸ್. ಇಟ್ಸ್ ಜಸ್ಟ್ ಎ ಸ್ನೀಜ್."

"ಒಂಟಿ ಸೀನು ಕಣೋ. ನಿಮ್ಮಪ್ಪ ಹೊರಟಾಗ್ಲೂ ಹೀಗೇ ಆಯ್ತು. ಒಂದ್ನಿಮಿಷ ಕೂತು ಹೋಗಿ ಅಂದೆ. ನಕ್ಕೊಂಡು ಹೋದ್ರು. ಮತ್ತೆ ಬಂದ್ರಾ?"

ಆ ಬೆಳಿಗ್ಗೆ ಶ್ಯಾಮ್ ಕೂಡ ಬಾಗಿಲಲ್ಲೇ ಇದ್ದ. ನಾಚಿಕೆಯಿಂದ ಕೆಳಗೆ ನೋಡುತ್ತ, ಹೊರಡುವಾಗ ಯಾರಾದರೂ ಒಮ್ಮೆ ಸೀನಿದರೆ ಸ್ವಲ್ಪ ಕೂತು, ನೀರು ಕುಡಿದು ಹೋಗಬೇಕಂತೆ, ಇಲ್ಲವಾದರೆ ಹೋದ ಕೆಲಸ ಕೆಡುತ್ತದಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಬುಧವಾರದ ಕೆಲಸ ಕೆಡಬಾರದೆಂದು ಅಮ್ಮನ ಆಸೆ ಎಂದೂ ಸೇರಿಸಿದ.

ಹೆನೆಗನ್ ನಗಲಿಲ್ಲ. ಕೋಟು ಬಿಚ್ಚಿದರು. ತಮ್ಮ ಅಜ್ಜಿ ಐರ್ಲೆಂಡಿನವಳು, ಅವಳ ಹತ್ತಿರವೂ ಇಂಥವು ಬೇಕಾದಷ್ಟಿದ್ದವು, ಅವಳ ಮಾತು ಮೀರಿದಾಗಲೆಲ್ಲ ಕೆಟ್ಟಿದ್ದೇನೆ ಎಂದು ಅಡಿಗೆಮನೆಯ ಪುಟ್ಟ ಮೇಜಿಗೆ ಬಂದು ಕೂತರು. ಕೌಸಲ್ಯಾ ನೀರು ಕೊಟ್ಟಳು. ಬರೀ ನೀರು ಕೊಟ್ಟು ಕಳಿಸುವುದು ಹೇಗೆಂದು ಕಾಫಿಗೆ ಇಟ್ಟಳು. ಚಳಿಗೆ ಕಿಟಕಿಗಳೆಲ್ಲ ಬಿಗಿದಿದ್ದವು, ಮೂರು ಜನರ ಮೊಣಕಾಲು ತಾಗುವಷ್ಟು ಜಾಗ. ಅವರು ತೀರಿಹೋದ ಹೆಂಡತಿಯ ಮಾತು ತೆಗೆದರು. ಇವಳು ದಿವಾಕರನ ಫೋಟೋ ತಂದು ತೋರಿಸಿದಳು. ನಡುನಡುವೆ ಸೆರಗಿಗೆ ಕೆಮ್ಮಿದಳು. ಎರಡು ಲೋಟ ಕಾಫಿ ಮುಗಿಯಿತು. ಗಂಡ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಹೊತ್ತು ನಗು ಕೇಳಿದ್ದು ಅದೇ ಮೊದಲು. ಅವರು ಹೊರಟಾಗ ಕೌಸಲ್ಯಾಗೆ ಮಗನ ಕೆಲಸ ಆಗಿಯೇ ಹೋಯಿತೆಂಬ ನೆಮ್ಮದಿ ಇತ್ತು. ಬಾಗಿಲು ಹಾಕಿ ಹಾಸಿಗೆಗೆ ಬಿದ್ದವಳು ಮಂಗಳವಾರದವರೆಗೆ ಏಳಲಿಲ್ಲ.

ಬುಧವಾರ ಎದ್ದು ತಲೆಗೆ ನೀರು ಹಾಕಿಕೊಂಡು ದೇವರಿಗೆ ದೀಪ ಹಚ್ಚಿದಳು. ಅಂದು ಫೋನ್ ಬರಲಿಲ್ಲ, ಮಾರನೆಯ ದಿನವೂ ಇಲ್ಲ. ಶುಕ್ರವಾರ ಸಂಜೆ ಬಂತು. ಮಾತಾಡಿದ್ದು ಹೆನೆಗನ್ ಅಲ್ಲ, ಅವರ ಕೈಕೆಳಗಿನ ಒಬ್ಬ ಹುಡುಗ. ಶ್ಯಾಮ್ ನಿಂತೇ ಕೇಳಿಸಿಕೊಂಡ. ಎಸ್, ಎಸ್, ಥ್ಯಾಂಕ್ ಯು ಎಂದಷ್ಟೇ ಹೇಳಿ ಫೋನ್ ಇಟ್ಟ.

"ಏನಂತೆ?"

"ಕೋಚ್ ಆಸ್ಪತ್ರೇಲಿದಾರೆ. ಮಂಗಳವಾರ ರಾತ್ರಿಯಿಂದ. ಫ್ಲೂ ಅಂತೆ, ನ್ಯುಮೋನಿಯಾಗೆ ತಿರುಗಿದೆ ಅಂತೆ."

"ಮೀಟಿಂಗು?"

"ಆಯ್ತು. ಅವರ ಕುರ್ಚಿ ಖಾಲಿ ಇತ್ತು. ಬಾಸ್ಕೆಟ್‌ಬಾಲಿನವರು ಯಾರೋ ಒಬ್ಬ ಎತ್ತರದ ಹುಡುಗನ್ನ ತಗೊಂಡ್ರಂತೆ. ಜನ ನೋಡೋಕ್ ಬರ್ಬೇಕಲ್ಲ, ಟಿಕೆಟ್ ಮಾರ್ಬೇಕಲ್ಲ." ಅವನ ದನಿ ಸಮವಾಗಿತ್ತು. "ನನ್ ಹೆಸರು ಯಾರೂ ಎತ್ತಲೇ ಇಲ್ವಂತೆ."

ಸೀನು, ನೀರು, ಕಾಫಿ, ಮುರಿದಿಟ್ಟ ಒಬ್ಬಟ್ಟು ಎಲ್ಲ ಒಟ್ಟಿಗೆ ಕೌಸಲ್ಯಾಳ ಕಣ್ಣ ಮುಂದೆ ಬಂತು. ಮಗ ಈಗ ಹೇಳುತ್ತಾನೆ, ಕ್ಯಾನ್ಸಲ್ ಮಾಡು ಅಂದೆನಲ್ಲ ಅಮ್ಮಾ, ಎಂದು ಈಗ ಕೂಗುತ್ತಾನೆ ಎಂದು ಕಾದಳು. ಕೂಗಲಿ ಎಂದು ಬೇಡಿಕೊಂಡಳು. ಶ್ಯಾಮ್ ಬೂಟು ಕಟ್ಟಿಕೊಂಡು ಓಡಲು ಹೋದ. ಹಿಂದಿರುಗಿ ಬಂದು, ಹಸಿವಾಗಿದೆ, ಏನಿದೆ ಎಂದು ಕೇಳಿದ. ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಪಂಕಜಾ ಫೋನಿನಲ್ಲಿ ಸಮಾಧಾನ ಹೇಳಿದಳು. "ಯಾರಿಂದ ಯಾರಿಗೆ ಬಂತು ಅಂತ ಹೇಗ್ ಹೇಳ್ತೀರಿ? ಇಡೀ ನ್ಯೂಜೆರ್ಸಿಗೇ ಬಂದಿದೆ. ಆ ಮನುಷ್ಯ ಹಗಲೆಲ್ಲ ಹುಡುಗರ ಮಧ್ಯೆ ಇರೋರು."

ಇರಬಹುದು. ಜಗತ್ತಿಗೆ ಹೇಳಿಕೊಳ್ಳಲು ಅದು ಒಳ್ಳೆಯ ಮಾತೇ. ಕೌಸಲ್ಯಾ ಹತ್ತಾರು ಸಲ ಅದನ್ನೇ ತನಗೂ ಹೇಳಿಕೊಂಡಳು. ಆದರೆ ಅವರ ತಟ್ಟೆಯ ಮೇಲೆ ಬಗ್ಗಿದ್ದಾಗ ತನ್ನ ಉಸಿರು ಎಷ್ಟು ಬಿಸಿಯಾಗಿತ್ತೆಂದು ಅವಳಿಗೆ ಗೊತ್ತಿತ್ತು. ಗಂಡನನ್ನು ಕೂರಿಸಿಕೊಳ್ಳಲಾಗದೆ ಕಳೆದುಕೊಂಡೆ, ಈ ಮನುಷ್ಯನನ್ನು ಕೂರಿಸಿಕೊಂಡು ಕೆಡಿಸಿದೆ ಎಂದು ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಳು. ಅಂಗಡಿಯ ಯಜಮಾನ ಯಂತ್ರ ಕೆಟ್ಟಿದೆಯೇ ಎಂದು ಬಂದು ಕೇಳಿದ.

ಶ್ಯಾಮ್ ಬೇರೆ ಕಾಲೇಜುಗಳ ಕೋಚ್‌ಗಳಿಗೆ ಫೋನ್ ಮಾಡಿದ. ಎಲ್ಲ ಕಡೆಯೂ ಅದೇ ಕಥೆ, ಚಳಿಗಾಲದ ಆಟಗಳು ನಿಂತು ಕೈ ಖಾಲಿ, ಮುಂದಿನ ವರ್ಷ ನೋಡೋಣ. ಮುಂದಿನ ವರ್ಷದವರೆಗೆ ಕಾಯುವ ಶಕ್ತಿ ಆ ಮನೆಗೆ ಇರಲಿಲ್ಲ. ದ್ವಾರಕಾನಾಥ ಮೈಸೂರಿನ ಕಾಲೇಜೊಂದರಲ್ಲಿ ಬಿಎಸ್ಸಿ ಸೀಟಿಗೆ ಹೇಳಿಟ್ಟ. ಜೂನ್‌ಗೆ ವಿಮಾನದ ಟಿಕೆಟ್ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸುತ್ತಲಿನ ಕನ್ನಡದ ಮನೆಗಳಲ್ಲಿ ನಾಲ್ಕು ಜನ ಮರುಗಿದರು. ಆ ತುತ್ತನ್ನು ತಟ್ಟಿ ಬೀಳಿಸಿದ ಕೈ ಯಾವುದೆಂದು ಖಚಿತವಾಗಿ ಗೊತ್ತಿದ್ದದ್ದು ತಾಯಿಗೂ ಮಗನಿಗೂ ಮಾತ್ರ.

ಏಪ್ರಿಲ್‌ನ ಒಂದು ಭಾನುವಾರ ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಹೆನೆಗನ್.

ಮೊದಲು ಗುರುತೇ ಸಿಗಲಿಲ್ಲ. ಬಾಗಿಲು ತುಂಬುತ್ತಿದ್ದ ಮನುಷ್ಯನ ಎರಡೂ ಪಕ್ಕದಲ್ಲಿ ಈಗ ಬೆಳಕು ಕಾಣುತ್ತಿತ್ತು. ಕೆಂಪು ಇಳಿದ ಮುಖ, ಹೆಗಲಿಂದ ಜೋತ ಕೋಟು. ಎರಡನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದದ್ದಕ್ಕೆ ಗೋಡೆ ಹಿಡಿದು ನಿಂತು ಉಸಿರೆಳೆದುಕೊಂಡರು. ಬೂಟು ಬಿಚ್ಚಲು ಬಗ್ಗಿದಾಗ ಶ್ಯಾಮ್ ಮುಂದೆ ಬಂದು ತಾನೇ ಬಿಚ್ಚಿದ.

ಅವರು ಅದೇ ಅಡಿಗೆಮನೆಯ ಮೇಜಿಗೆ ಕೂತರು. ಕೆಲಸ ಬಿಟ್ಟಿದ್ದೇನೆ, ಶ್ವಾಸಕೋಶ ಇನ್ನು ಮೊದಲಿನಂತಾಗುವುದಿಲ್ಲವಂತೆ ಎಂದರು. ಓಟದ ತಂಡವನ್ನೂ ಕಾಲೇಜು ಈ ವರ್ಷ ಅರ್ಧಕ್ಕೆ ಇಳಿಸಿದೆಯಂತೆ. ಅದನ್ನೆಲ್ಲ ಹೇಳಲು ಬಂದಿರಲಿಲ್ಲ ಅವರು. ಕೌಸಲ್ಯಾಳ ಕಡೆ ತಿರುಗಿದರು.

"ನಿಮ್ಮ ಕ್ಷಮೆ ಕೇಳೋಕೆ ಬಂದೆ, ಮ್ಯಾಮ್. ಕುರ್ಚಿ ಬಿಟ್ಟು ಏಳಲ್ಲ ಅಂತ ಈ ಮನೇಲಿ ಕೂತು ಮಾತು ಕೊಟ್ಟಿದ್ದೆ. ಕುರ್ಚಿ ತನಕ ಹೋಗೋಕೇ ಆಗಲಿಲ್ಲ. ಯಾವ ಮೂರ್ಖ ನನ್ನ ಮುಖಕ್ಕೆ ಕೆಮ್ಮಿದನೋ ಗೊತ್ತಿಲ್ಲ. ನಾನು ಹುಷಾರಾಗಿರಬೇಕಿತ್ತು. ನಿಮ್ಮ ಹುಡುಗನಿಗೆ ನನ್ನಿಂದ ಅನ್ಯಾಯವಾಯ್ತು."

ಇದಕ್ಕೆ ಶ್ಯಾಮ್ ಕನ್ನಡ ಹೇಳಬೇಕಾಗಲಿಲ್ಲ. ಕೌಸಲ್ಯಾಗೆ ಪೂರ್ತಿ ಅರ್ಥವಾಯಿತು. ಅವರು ತನ್ನ ಮನೆಯ ಮೆಟ್ಟಿಲನ್ನು ಏದುತ್ತ ಹತ್ತಿ, ತನ್ನ ತಪ್ಪಿಗೆ ತನ್ನ ಹತ್ತಿರವೇ ಕ್ಷಮೆ ಕೇಳುತ್ತಿದ್ದರು. ತನ್ನ ಅಂಗಡಿಯ ಇಂಗ್ಲಿಷಿನಲ್ಲಿ ಈ ಮಾತಿಗೆ ಬೇಕಾದ ಪದಗಳಿರಲಿಲ್ಲ. ಮಗನ ಕೈ ಹಿಡಿದುಕೊಂಡಳು.

"ಹೇಳು ಅವರಿಗೆ. ಅವತ್ತು ನಂಗೆ ಜ್ವರ ಇತ್ತು ಅಂತ ಹೇಳು. ಗೊತ್ತಿದ್ದೂ ಮುಚ್ಚಿಟ್ಟೆ ಅಂತ ಹೇಳು. ನನ್ನಿಂದಲೇ ಬಂತು ಅನ್ನು. ಹೇಳೋ."

ಶ್ಯಾಮ್ ಅವಳನ್ನು ನೋಡಿದ. ಮೂರು ತಿಂಗಳು ನುಂಗಿಕೊಂಡಿದ್ದ ಮಾತು ಅದು. ಈಗ ಅದನ್ನು ಹೇಳೆಂದು ತಾಯಿಯೇ ಬೇಡುತ್ತಿದ್ದಳು. ಆಮೇಲೆ ಕೋಚ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ:

"ಅಮ್ಮ ಹೇಳ್ತಿದಾರೆ, ಯಾರ ತಪ್ಪೂ ಇಲ್ಲ ಅಂತ. ಆ ಚಳಿಗಾಲದಲ್ಲಿ ಎಲ್ಲರಿಗೂ ಬಂತಲ್ಲ. ನೀವು ನಮ್ಮನೆಗೆ ಬಂದಿದ್ದೇ ನಮಗೆ ಸಂತೋಷ ಅಂತೆ. ಕಾಫಿ ಕುಡೀದೆ ಹೋಗ್ಬಾರದು ಅಂತಿದಾರೆ."

ಅದೂ ಅವಳಿಗೆ ಪೂರ್ತಿ ಅರ್ಥವಾಯಿತು.

"ಅದಲ್ಲ ನಾನು ಹೇಳಿದ್ದು," ಎಂದಳು ಕನ್ನಡದಲ್ಲಿ.

"ಗೊತ್ತಮ್ಮ," ಎಂದ ಶ್ಯಾಮ್. "ಬಿಡು. ಕಾಫಿಗಿಡು."

ಹೆನೆಗನ್‌ರ ಕಣ್ಣು ತುಂಬಿತ್ತು. ಅವಳ ಎರಡೂ ಕೈಯನ್ನು ತಮ್ಮ ದೊಡ್ಡ ಕೈಗಳಲ್ಲಿ ಹಿಡಿದು, ನೀವು ಬಹಳ ಒಳ್ಳೆಯ ಹೆಂಗಸು ಎಂದರು. ಆ ಮಾತಿಗಿಂತ ಅವರು ಕೆನ್ನೆಗೆ ಹೊಡೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕಾಫಿ ಮಾಡಿದಳು, ಕೊಟ್ಟಳು, ಅವರು ಕುಡಿದರು. ಜೂನ್‌ನಲ್ಲಿ ಊರಿಗೆ ಹೊರಟಿದ್ದೇವೆಂದು ಶ್ಯಾಮ್ ತಿಳಿಸಿದಾಗ, ಮೈಸೂರಿನಲ್ಲಿಯೂ ಓಡುವುದು ಬಿಡಬೇಡ ಎಂದು ಹೇಳಿದರು. ಅವನು ಆಗಲಿ ಎಂದ. ಫೆಬ್ರವರಿಯಿಂದಲೇ ಅವನು ಓಡುವುದು ಬಿಟ್ಟಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಹೊರಡಲು ಎದ್ದರು. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದರು. ಯಾರೂ ಸೀನಲಿಲ್ಲ. ಆದರೂ ಏನೋ ನೆನಪಾದಂತೆ ನಿಂತು, ಹಿಂದಿರುಗಿ ಬಂದು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು.

"ನೀರು ಕುಡಿದು ಹೋಗ್ತೀನಿ, ಮ್ಯಾಮ್," ಎಂದರು. "ನಿಮ್ಮ ಪ್ರಯಾಣಕ್ಕೆ ಒಳ್ಳೇದಾಗಲಿ. ಅವತ್ತು ಪೂರ್ತಿ ಲೋಟ ಕುಡಿದಿರಲಿಲ್ಲ ನಾನು. ಅದಕ್ಕೇ ಕೆಟ್ಟಿತೇನೋ ಅಂತ ಆಸ್ಪತ್ರೆಯಲ್ಲಿ ಮಲಗಿ ಎಷ್ಟೋ ಸಲ ಅಂದುಕೊಂಡೆ."

ಅವರು ತಮಾಷೆಗೆ ಹೇಳಲಿಲ್ಲ. ಕೌಸಲ್ಯಾ ಲೋಟ ತುಂಬಿ ತಂದಳು. ಕೈ ಅವರ ಕೈಗೆ ತಾಗದಂತೆ ಪಕ್ಕದ ಕಪಾಟಿನ ಮೇಲೆ ಇಟ್ಟಳು. ಅವರು ನಡುನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ಒಂದು ತೊಟ್ಟೂ ಬಿಡದಂತೆ ಕುಡಿದರು.

ಕಳಿಸಿ ಬರಲು ಶ್ಯಾಮ್ ಜೊತೆಗೆ ಇಳಿದ. ಕೌಸಲ್ಯಾ ಕಿಟಕಿಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಪಾರ್ಕಿಂಗ್ ಜಾಗದ ಆ ಕೊನೆಯಲ್ಲಿತ್ತು ಕಾರು. ಮುದುಕ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು, ಅವರು ನಿಂತಾಗ ಶ್ಯಾಮ್ ಕೂಡ ನಿಲ್ಲುತ್ತಿದ್ದ. ಹಾಲು ತರಲೂ ಓಡುತ್ತಿದ್ದ ಅವಳ ಮಗ ಕೋಚ್‌ನ ಮೊಣಕೈ ಹಿಡಿದುಕೊಂಡು ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ. ಕಾರಿನವರೆಗೂ ಅವರಿಗಿಂತ ಒಂದಡಿಯೂ ಮುಂದೆ ಹೋಗಲಿಲ್ಲ.